ಏಳನೆಯ ಷರತ್ತಿನ ಬೆಕ್ಕು

ಅಮರೇಶನಿಗೆ ಬಾಯಿ ಮೊದಲು, ಯೋಚನೆ ಆಮೇಲೆ. ಮಂಡಿ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ ಕೂತು ದಿನವಿಡೀ ಮದುವೆ ಕರೆಯೋಲೆಗಳ ಪ್ರೂಫು ತಿದ್ದುವುದು ಅವನ ಕೆಲಸ. ಊರಿನ ವಧೂವರರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಈ ಮನುಷ್ಯನಿಗೆ, ತನ್ನ ಬಾಯಿಂದ ಹೊರಟ ಮಾತಿನ ಪ್ರೂಫು ನೋಡುವ ಅವಕಾಶ ಮಾತ್ರ ಇದುವರೆಗೆ ಸಿಕ್ಕಿರಲಿಲ್ಲ. ಮದುವೆಯಾದ ಮೂರು ವರ್ಷದಲ್ಲಿ ಅವನ ಹೆಂಡತಿ ಸುಷ್ಮಾ ಇದನ್ನು ಚೆನ್ನಾಗಿ ಅರಿತಿದ್ದಳು.

ಅದೇ ಮೂರು ವರ್ಷದಲ್ಲಿ ಅವರು ಮೂರು ಮನೆ ಬದಲಾಯಿಸಿದ್ದರು. ಮೂರಕ್ಕೂ ಕಾರಣ ಬೆಳ್ಳಿ. ಬೆಳ್ಳಿ ಅಂದರೆ ಅವರ ಬೆಕ್ಕು. ಮೊದಲ ಮನೆಯಲ್ಲಿ ಅದು ಓನರಿನ ಹಾಲು ಕುಡಿಯಿತು. ಎರಡನೆಯದರಲ್ಲಿ ಓನರಿನ ಹೊಸ ಸೋಫಾದ ಮೇಲೆ ಉಗುರು ಮಸೆಯಿತು. ಮೂರನೆಯದರಲ್ಲಿ ಓನರಿನ ಹೆಂಡತಿಯ ರೇಷ್ಮೆ ಸೀರೆಗಳ ಬೀರುವಿನೊಳಗೆ ನಾಲ್ಕು ಮರಿ ಹಾಕಿ, ಐದನೆಯದನ್ನು ಆಕೆಯ ಕಣ್ಣೆದುರಿಗೇ ಹಾಕಿತು. ಮರಿಗಳನ್ನು ಪ್ರೆಸ್ಸಿನವರು ಒಂದೊಂದಾಗಿ ಒಯ್ದರು. ಪ್ರೆಸ್ಸಿನ ಕಾಗದದ ಗೋದಾಮಿನಲ್ಲಿ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದ ಬೆಳ್ಳಿಯನ್ನು ಅಮರೇಶ ಇಂಕ್ ಫಿಲ್ಲರಿನಿಂದ ಹಾಲು ಹಾಕಿ ಸಾಕಿದ್ದ. ಅದರ ಮೇಲೆ ಅವನಿಗೆ ಪ್ರಾಣ. ಆದರೆ ಸುಷ್ಮಾ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ನೋಡ್ರೀ, ನನ್ನ ಸ್ಕೂಲು ಇರೋದು ಕುಂಬಾರಕೊಪ್ಪಲಲ್ಲಿ. ಇಲ್ಲಿ ಮನೆ ಸಿಕ್ಕೋದೇ ಕಷ್ಟ. ಈಗ ಹಿಡಿಯೋ ಮನೇನೂ ಬೆಕ್ಕಿನಿಂದ ಬಿಡೋ ಹಾಗಾದ್ರೆ ಬೆಳ್ಳಿ ನಮ್ಮ ಜೊತೆ ಬರಲ್ಲ. ಯಾರಿಗಾದ್ರೂ ಕೊಟ್ಬುಡೋದು. ಇದೇ ಕೊನೆ ಮಾತು."

ಹೀಗೆ ಬೆಳ್ಳಿಯ ಹಣೆಬರಹ ಗೋವಿಂದರಾಜು ಅವರ ಮನೆಯ ಹಿಂದಿನ ಪೋರ್ಷನ್ನಿಗೆ ಗಂಟುಬಿತ್ತು. ಇದು ೧೯೯೭ನೇ ಇಸವಿಯ ಮಾತು.

ಗೋವಿಂದರಾಜು ನಿವೃತ್ತ ಶಿರಸ್ತೇದಾರರು. ಮೂವತ್ನಾಲ್ಕು ವರ್ಷ ತಾಲ್ಲೂಕು ಕಚೇರಿಗಳಲ್ಲಿ ಕಡತಗಳ ನಡುವೆ ಬಾಳಿದವರು. ಕಣ್ಣಿಂದ ನೋಡಿದ್ದನ್ನು ಅವರು ಅರ್ಧ ನಂಬುತ್ತಿದ್ದರು, ಬರವಣಿಗೆಯಲ್ಲಿದ್ದರೆ ಪೂರ್ತಿ ನಂಬುತ್ತಿದ್ದರು. ಮನೆ ಕೇಳಲು ಹೋದ ದಂಪತಿಗಳನ್ನು ಎದುರಿಗೆ ಕೂರಿಸಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಸಸ್ಯಾಹಾರಿಗಳು ತಾನೆ?"

"ಹೌದು ಸಾರ್. ಲಿಂಗಾಯತರು. ನಮ್ಮ ತಾತ ಮಠದಲ್ಲಿ ಉಗ್ರಾಣ ನೋಡ್ಕೊಳ್ತಿದ್ರು."

"ಸಂತೋಷ. ಮನೆಯಲ್ಲಿ ನೀವಿಬ್ಬರೇನಾ?"

"ಮೂರು ಜನ ಸಾರ್. ಒಂದು ಬೆಕ್ಕಿದೆ."

ಶಿರಸ್ತೇದಾರರು ಪೆನ್ನು ಕೆಳಗಿಟ್ಟರು. "ಬೆಕ್ಕು ಮಾಂಸ ತಿನ್ನುತ್ತೆ, ಅಮರೇಶ್ ಅವರೇ. ಈ ಕಾಂಪೌಂಡಿನೊಳಗೆ ಮಾಂಸ ಬಂದಿಲ್ಲ. ನಮ್ಮ ತಂದೆಯವರು ಕಟ್ಟಿಸಿದ ಮನೆ."

ಸುಷ್ಮಾ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ಆದರೆ ಬಾಯಿ ಆಗಲೇ ತೆರೆದಿತ್ತು.

"ನಮ್ಮದು ತಿನ್ನಲ್ಲ ಸಾರ್. ಹುಟ್ಟು ಸಸ್ಯಾಹಾರಿ. ಮೊಸರನ್ನ ಅಂದ್ರೆ ಪ್ರಾಣ ಬಿಡುತ್ತೆ. ಇಲಿ ಎದುರಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗುತ್ತೆ."

ಬೆಳ್ಳಿ ಇಲಿ ತಿಂದದ್ದನ್ನು ಅಮರೇಶ ನೋಡಿರಲಿಲ್ಲ ಎನ್ನುವುದು ನಿಜ. ಅದು ಊಟಕ್ಕೆ ಹೋಗುವ ವೇಳೆಯಲ್ಲಿ ಅವನು ಪ್ರೆಸ್ಸಿನಲ್ಲಿರುತ್ತಿದ್ದ. ಗೋವಿಂದರಾಜು ಅವನ ಮುಖವನ್ನು ಒಂದು ನಿಮಿಷ ನೋಡಿದರು. ಇಂಥ ಸುಳ್ಳನ್ನು ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಹೇಳಲಾರ ಎಂದು ಅವರಿಗೆ ಅನ್ನಿಸಿರಬೇಕು.

"ಹಾಗಾದರೆ ಬರವಣಿಗೆಯಲ್ಲಿರಲಿ," ಎಂದರು.

ಮರುದಿನ ಛಾಪಾ ಕಾಗದದ ಮೇಲೆ ಕರಾರು ಟೈಪಾಯಿತು. ಅದರ ಏಳನೆಯ ಷರತ್ತು ಹೀಗಿತ್ತು: "ಸದರಿ ಮನೆಯಲ್ಲಿ ವಾಸಿಸತಕ್ಕ ಅಮರೇಶ್, ಸುಷ್ಮಾ ಮತ್ತು ಬೆಳ್ಳಿ ಎಂಬ ಹೆಸರಿನ ಬೂದು ಬಣ್ಣದ ಹೆಣ್ಣು ಬೆಕ್ಕು, ಈ ಮೂವರೂ ಶುದ್ಧ ಸಸ್ಯಾಹಾರಿಗಳಾಗಿರತಕ್ಕದ್ದು. ತಪ್ಪಿದಲ್ಲಿ ಹದಿನೈದು ದಿನದೊಳಗಾಗಿ ಮನೆಯನ್ನು ಖಾಲಿ ಮಾಡತಕ್ಕದ್ದು." ಟೈಪಿಸ್ಟು ಎರಡು ಸಲ ತಲೆಯೆತ್ತಿ ನೋಡಿ, ಮೂರನೆಯ ಸಲ ಕನ್ನಡಕ ಒರೆಸಿಕೊಂಡು ಟೈಪು ಮಾಡಿದ. ಅಮರೇಶ ಕರಡನ್ನು ಓದಿ 'ಶುದ್ದ' ಎಂದಿದ್ದದ್ದನ್ನು 'ಶುದ್ಧ' ಎಂದು ತಿದ್ದಿ ಸಹಿ ಹಾಕಿದ. ಸುಷ್ಮಾ ಮನೆಗೆ ಬಂದು ಹಣೆ ಚಚ್ಚಿಕೊಂಡಳು.

ಇಲ್ಲಿಂದ ಬೆಳ್ಳಿಯ ಕೀರ್ತಿಯ ದಿನಗಳು ಶುರುವಾದವು. ಸಸ್ಯಾಹಾರಿ ಬೆಕ್ಕನ್ನು ಶಿರಸ್ತೇದಾರರು ಹಿಂದೆಂದೂ ಕಂಡಿರಲಿಲ್ಲವಾದ್ದರಿಂದ ಬಹಳ ಸೂಕ್ಷ್ಮವಾಗಿ ಗಮನಿಸತೊಡಗಿದರು. ಬೆಳ್ಳಿಗೂ ಅವರ ಜಗಲಿಯ ಬೆತ್ತದ ಕುರ್ಚಿ ಹಿಡಿಸಿತು. ಬೆಳಿಗ್ಗೆ ಅವರು ಪೇಪರು ಓದುತ್ತ ಕೂತರೆ ಬಂದು ಹಣೆಯನ್ನು ಅವರ ಪಾದಕ್ಕೆ ಉಜ್ಜುತ್ತಿತ್ತು.

"ವೇದಾ, ನೋಡಿದೆಯಾ?" ಎಂದರು ಹೆಂಡತಿಗೆ. "ನಮಸ್ಕಾರ ಮಾಡ್ತಿದೆ. ಯಾರೂ ಹೇಳಿಕೊಟ್ಟದ್ದಲ್ಲ."

ವೇದವತಮ್ಮ ಹೂ ಕಟ್ಟುತ್ತ, "ಹಣೆ ತುರಿಸ್ತಿರಬೇಕು," ಎಂದರು.

ಆಮೇಲೆ ಅದು ಅವರ ತೊಡೆಯ ಮೇಲೆ ಹತ್ತಿ, ಎರಡು ಮುಂಗಾಲುಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತುತ್ತ, ಕಣ್ಣು ಮುಚ್ಚಿ ಗುರುಗುಟ್ಟುತ್ತಿತ್ತು. ಇದು ಹಿರಿಯರ ಕಾಲೊತ್ತುವ ಸೇವೆ ಎಂದು ಶಿರಸ್ತೇದಾರರು ತೀರ್ಮಾನಿಸಿದರು. ಕಿಟಕಿಯಲ್ಲಿ ಕೂತು ಹೊರಗಿನ ಗುಬ್ಬಚ್ಚಿಗಳನ್ನು ನೋಡುತ್ತ ಅದರ ದವಡೆ ಕಟಕಟನೆ ಅದುರಿದರೆ, ಅದು ಜಪ. ಎಲ್ಲಕ್ಕಿಂತ ಅವರನ್ನು ಮರುಳು ಮಾಡಿದ್ದು ಇನ್ನೊಂದು. ಸುಷ್ಮಾ ತಟ್ಟೆಯಲ್ಲಿ ಮೊಸರನ್ನ ಕಲಸಿಟ್ಟರೆ ಬೆಳ್ಳಿ ಮೂಸಿ ನೋಡಿ, ತಟ್ಟೆಯ ಸುತ್ತ ನೆಲವನ್ನು ಕಾಲಿನಿಂದ ಪರಪರನೆ ಬಳಿದು ಹೋಗಿಬಿಡುತ್ತಿತ್ತು.

"ಗೋಮೆ ಹಚ್ಚುತ್ತಿದೆ," ಎಂದರು ಗೋವಿಂದರಾಜು ಗದ್ಗದವಾಗಿ. ಊಟವಾದ ಮೇಲೆ ಎಂಜಲು ಜಾಗವನ್ನು ಬಳಿದು ಶುದ್ಧ ಮಾಡುವ ಆ ಪದ್ಧತಿ ಅವರ ಸ್ವಂತ ಸೊಸೆಯಂದಿರ ಮನೆಗಳಲ್ಲೇ ನಿಂತುಹೋಗಿ ಹತ್ತು ವರ್ಷವಾಗಿತ್ತು. "ಅಮರೇಶ್ ಅವರೇ, ಇದು ಸಾಮಾನ್ಯ ಬೆಕ್ಕಲ್ಲ. ಪೂರ್ವಜನ್ಮದಲ್ಲಿ ಯಾರೋ ವೈದಿಕರಿರಬೇಕು."

"ನಮಗೂ ಹಾಗೇ ಅನ್ನಿಸಿತ್ತು ಸಾರ್," ಎಂದ ಅಮರೇಶ. ಅವನಿಗೆ ಹಾಗೆ ಎಂದೂ ಅನ್ನಿಸಿರಲಿಲ್ಲ.

"ಆದರೆ ಅನ್ನ ತಟ್ಟೆಯಲ್ಲೇ ಉಳಿದಿದೆಯಲ್ಲ," ಎಂದರು ವೇದವತಮ್ಮ.

"ಮಿತಾಹಾರ," ಎಂದರು ಶಿರಸ್ತೇದಾರರು.

ಸುದ್ದಿ ಬೀದಿಯಲ್ಲಿ ಹಬ್ಬಿತು. ಹೂ ಮಾರುವ ಮಾದೇವಮ್ಮ ಬುಟ್ಟಿ ಇಳಿಸಿ ಬೆಕ್ಕಿಗೆ ಕೈಮುಗಿದು ಹೋದಳು. ಒಬ್ಬರು ತಮ್ಮ ಮಗಳ ಜಾತಕವನ್ನು ಅದರ ಮುಂದಿಟ್ಟು, ಅದು ಜಾತಕದ ಮೇಲೆ ಕೂತಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡರು. ಪಕ್ಕದ ಮನೆಯ ಶಿವನಂಜಮ್ಮ ಮಾತ್ರ ಅಮರೇಶನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ದನಿ ತಗ್ಗಿಸಿದರು.

"ಅಲ್ಲ ಕಣಪ್ಪ, ನಿಮ್ ಬೆಕ್ಕು ಅದೇನೋ ಮಡಿ ಬೆಕ್ಕಂತೆ? ನಾ ಮೀನು ತೊಳ್ಯೋ ಒತ್ಗೆ ದಿನಾ ನಮ್ ಬಚ್ಚಲ ತಾವ ಬಂದು ಕೂತ್ಕತದೆ. ಒಂದು ತಲೆ ಆಕ್ದೆ ಇದ್ರೆ ಏಳಾಕಿಲ್ಲ."

ಅಮರೇಶ ಜಗಲಿಯ ಕಡೆ ಒಮ್ಮೆ ತಿರುಗಿ ನೋಡಿದ. "ಶಿವನಂಜಮ್ಮೋರೇ, ನಿಮ್ಮ ದಮ್ಮಯ್ಯ, ಈ ಮಾತು ಸಾರ್ ಕಿವಿಗೆ ಬೀಳೋದು ಬೇಡ. ಕರಾರಿದೆ."

"ಬೆಕ್ಕಿಗೂ ಕರಾರಾ?" ಎಂದು ಆಕೆ ಕೆನ್ನೆ ಮೇಲೆ ಕೈಯಿಟ್ಟುಕೊಂಡರು. ಆದರೆ ಒಳ್ಳೆಯ ಹೆಂಗಸು. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅನಾಹುತ ಇನ್ನೊಂದು ದಿಕ್ಕಿನಿಂದ ಬಂತು. ಒಂದು ಏಕಾದಶಿಯ ದಿನ ಬೆಳ್ಳಿ ಮೊಸರನ್ನವನ್ನು ಮೂಸಿಯೂ ನೋಡಲಿಲ್ಲ. ಹಿಂದಿನ ಸಂಜೆ ಶಿವನಂಜಮ್ಮನ ಮನೆಗೆ ನೆಂಟರು ಬಂದಿದ್ದರು ಎನ್ನುವುದು ಗೋವಿಂದರಾಜು ಅವರಿಗೆ ತಿಳಿಯದು. ಬೆಕ್ಕು ಉಪವಾಸ ಮಾಡುತ್ತದೆ ಎಂದು ಅವರು ಡೈರಿಯಲ್ಲಿ ಬರೆದುಕೊಂಡರು. ಬರೆದ ಮೇಲೆ ಅದು ಸತ್ಯವಾಯಿತು. ಮುಂದಿನ ಏಕಾದಶಿ ಭಾನುವಾರ ಬಿದ್ದದ್ದರಿಂದ, ತಮ್ಮ ಜೊತೆ ಬೆಳಗಿನ ವಾಕಿಂಗ್ ಬರುವ ಐದು ಮಂದಿ ನಿವೃತ್ತರನ್ನು ಸಂಜೆ ಐದು ಗಂಟೆಗೆ ಆಹ್ವಾನಿಸಿದರು.

ಆ ದಿನ ಶಿರಸ್ತೇದಾರರು ಬೆಳಗಿನಿಂದ ನಿರಾಹಾರ. ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಸೊರಗಿದ ಮುಖದಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬೆಳ್ಳಿ ದಿನವಿಡೀ ಅವರ ಕಾಲ ಬಳಿಯೇ ಇತ್ತು. ಅತಿಥಿಗಳಿಗೆ ವೇದವತಮ್ಮ ಉಪ್ಪಿಟ್ಟು, ಕಾಫಿ ಕೊಟ್ಟರು. ಎಲ್ಲರೂ ಕೂತ ಮೇಲೆ ಸುಷ್ಮಾ ಮೊಸರನ್ನದ ತಟ್ಟೆ ತಂದು ಜಗಲಿಯ ಮಧ್ಯೆ ಇಟ್ಟಳು.

ಬೆಳ್ಳಿ ಎದ್ದು ಬಂತು. ಮೂಸಿತು. ತಟ್ಟೆಯ ಸುತ್ತ ಮೂರು ಸಲ ಪರಪರನೆ ಬಳಿಯಿತು. ತಟ್ಟೆಗೆ ಬೆನ್ನು ಹಾಕಿ, ಮೆಟ್ಟಿಲಿಳಿದು ತೋಟದ ಕಡೆ ಹೋಯಿತು.

"ಭೇಷ್," ಎಂದರು ನಿವೃತ್ತ ಹೆಡ್‌ಮಾಸ್ಟರ್ ಚಾಮಯ್ಯ. "ನನ್ನ ಸರ್ವೀಸಿನಲ್ಲಿ ಇಷ್ಟು ಶಿಸ್ತಿನ ಹುಡುಗರನ್ನ ನೋಡಿಲ್ಲ ನಾನು."

ಉಳಿದವರು ಚಪ್ಪಾಳೆ ತಟ್ಟಿದರು. ಅಮರೇಶ ಕೈಕಟ್ಟಿ ನಿಂತು ವಿನಯದಿಂದ ನಕ್ಕ. ಗೋವಿಂದರಾಜು ಮಾರ್ಜಾಲ ಜನ್ಮದ ಬಗ್ಗೆ ಸಣ್ಣದೊಂದು ಭಾಷಣ ಆರಂಭಿಸಿದರು. ಭಾಷಣ ಹತ್ತು ನಿಮಿಷಕ್ಕೆ ಬಂದಾಗ ಬೆಳ್ಳಿ ಹಿಂತಿರುಗಿತು. ಬಾಯಲ್ಲಿ ದಪ್ಪನೆಯದೊಂದು ಇಲಿಯಿತ್ತು.

ಅದು ಯಾರನ್ನೂ ನೋಡಲಿಲ್ಲ. ಐದು ಮಂದಿ ನಿವೃತ್ತರ ಮುಂದೆ ಸಾವಧಾನವಾಗಿ ನಡೆದು ಬಂದು, ಗೋವಿಂದರಾಜು ಅವರ ಬಲಪಾದದ ಮೇಲೆ ಇಲಿಯನ್ನು ಇಟ್ಟಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೂತು, ಅವರ ಮುಖ ನೋಡುತ್ತ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿತು.

ಜಗಲಿಯಲ್ಲಿ ಉಪ್ಪಿಟ್ಟು ಅಗಿಯುವ ಸದ್ದೂ ನಿಂತಿತು. ಚಾಮಯ್ಯನವರು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.

"ಗೋವಿಂದು, ಇದು ದ್ವಾದಶಿ ಪಾರಣೆಗೆ ಇರಬೇಕು," ಎಂದರು ಮೆಲ್ಲಗೆ.

ಶಿರಸ್ತೇದಾರರ ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ಕಚೇರಿಯ ಬಣ್ಣಕ್ಕೆ ತಿರುಗಿತು. ಸ್ನಾನ ಮಾಡಿ ಬಂದವರೇ ಕಾಗದ ತರಿಸಿ ಮಹಜರು ಬರೆದರು: "ಈ ದಿವಸ ಸಾಯಂಕಾಲ ಐದೂ ಮುಕ್ಕಾಲು ಗಂಟೆಗೆ, ಕೆಳಗೆ ಸಹಿ ಮಾಡಿರುವ ಪಂಚರ ಸಮಕ್ಷಮದಲ್ಲಿ, ಸದರಿ ಬೆಕ್ಕು ಒಂದು ಮೃತ ಇಲಿಯನ್ನು, ಬಾಲ ಸೇರಿ ಸುಮಾರು ಒಂದು ಗೇಣು ಉದ್ದ, ಮನೆಯ ಮಾಲೀಕರ ಪಾದದ ಮೇಲೆ ಇಟ್ಟಿದ್ದು ಸರಿಯಷ್ಟೆ." ಪಂಚರು ಸಹಿ ಮಾಡಿ, ಕಾಫಿ ಮುಗಿಸಿ, ನಗು ತಡೆದುಕೊಂಡು ಗೇಟು ದಾಟಿದರು.

"ಅಮರೇಶ್ ಅವರೇ. ಏಳನೆಯ ಷರತ್ತು. ಹದಿನೈದು ದಿನ," ಎಂದರು ಗೋವಿಂದರಾಜು.

ಅಮರೇಶ ಸುಷ್ಮಾಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಬೆಳ್ಳಿಯನ್ನು ಕೊಟ್ಟುಬಿಡಬೇಕಾಗುತ್ತದೆ ಎಂಬುದು ಅವನಿಗೆ ಆ ಕ್ಷಣ ಅರಿವಾಯಿತು. ಆದರೆ ಅವನ ಬಾಯಿ ಇಂಥ ಹೊತ್ತಿನಲ್ಲೂ ಸುಮ್ಮನಿರುವ ಜಾತಿಯದಲ್ಲ. ಹತ್ತು ವರ್ಷ ಪ್ರೂಫು ತಿದ್ದಿದ ಕಣ್ಣು ಅದಕ್ಕೆ ಜೊತೆಯಾಯಿತು.

"ಸಾರ್, ಕರಾರಿನಲ್ಲಿ ಸಸ್ಯಾಹಾರಿ ಅಂತಿದೆ. ಅಹಿಂಸಾವಾದಿ ಅಂತಿಲ್ಲ."

"ಏನಂದಿರಿ?"

"ಇಲಿ ಪೂರ್ತಿ ಇದೆ ಸಾರ್. ನೀವೇ ಬರೆದಿದ್ದೀರಿ, ಬಾಲ ಸೇರಿ ಅಂತ. ಕೊಂದಿರಬಹುದು. ತಿಂದಿಲ್ಲ."

ಗೋವಿಂದರಾಜು ಕರಾರು ತೆಗೆದು ಓದಿದರು. ಮಹಜರು ಓದಿದರು. ಮತ್ತೆ ಕರಾರು ಓದಿದರು. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಬರವಣಿಗೆಗೆ ವಿರುದ್ಧ ನಡೆದವರಲ್ಲ ಅವರು. ಹಲ್ಲು ಕಚ್ಚಿಕೊಂಡು, "ತಜ್ಞರ ಅಭಿಪ್ರಾಯ ಬೇಕಾಗುತ್ತೆ," ಎಂದರು.

ಸೋಮವಾರ ಬೆಳಿಗ್ಗೆ ದ್ವಾದಶಿ ಪಾರಣೆ ಮುಗಿಸಿದ ಶಿರಸ್ತೇದಾರರು, ಪ್ರೆಸ್ಸಿಗೆ ರಜ ಹಾಕಿದ ಅಮರೇಶ, ಬಿದಿರಿನ ಬುಟ್ಟಿಯಲ್ಲಿ ಬೆಳ್ಳಿ, ಮೂವರೂ ಒಂದೇ ಆಟೋದಲ್ಲಿ ಪಶುವೈದ್ಯರ ಬಳಿಗೆ ಹೋದರು. ಡಾಕ್ಟರ್ ಮಂಟಯ್ಯ ಒಂದು ಹಸುವಿನ ಹಿಂದೆ ಮೊಣಕೈವರೆಗೆ ಕೆಲಸದಲ್ಲಿದ್ದರು. ಅದು ಮುಗಿಸಿ ಕೈ ತೊಳೆದುಕೊಂಡು ಬಂದು, ಕರಾರು ಪತ್ರ ಓದಿ, ಬುಟ್ಟಿಯ ಒಳಗೆ ನೋಡಿ, ಮತ್ತೆ ಕರಾರು ಪತ್ರ ಓದಿದರು.

"ಈ ಬೆಕ್ಕು ಸಹಿ ಮಾಡಿಲ್ವಲ್ಲ ಸಾ," ಎಂದರು.

ಗೋವಿಂದರಾಜು ನಗಲಿಲ್ಲ. ತಮ್ಮ ಡೈರಿ ತೆರೆದು ಒಂದೊಂದಾಗಿ ಕೇಳಿದರು. ಮೊದಲು ಗೋಮೆಯ ವಿಷಯ.

"ಅಯ್ಯೋ ಸಾಮಿ, ಅದು ಗೋಮೆನೂ ಅಲ್ಲ ಏನೂ ಅಲ್ಲ. ನಂಗೆ ಈ ಅನ್ನ ಬ್ಯಾಡ ಅಂತ ಮಣ್ಣು ಮುಚ್ಚಾಕ್ತದೆ. ಕಾಡಲ್ಲಿದ್ದಾಗಿಂದ ಬಂದಿರೋ ಅಭ್ಯಾಸ. ಇಲ್ಲಿ ಮಣ್ಣಿಲ್ಲ, ಸುಮ್ನೆ ನೆಲ ಕೆರೀತದೆ."

ಶಿರಸ್ತೇದಾರರು ಡೈರಿಯಲ್ಲಿ ಒಂದು ಸಾಲು ಹೊಡೆದುಹಾಕಿದರು. "ಜಪ?"

"ಹಕ್ಕಿ ಕಾಣ್ತದೆ, ಕೈಗೆ ಸಿಕ್ಕಲ್ಲ. ದವಡೆ ಅದುರ್ತದೆ. ಬಾಯಲ್ಲಿ ನೀರು ಬಂದಂಗೆ ಅಂದ್ಕೊಳಿ."

ಇನ್ನೊಂದು ಸಾಲು ಹೋಯಿತು. "ನಮಸ್ಕಾರ?"

"ಅದ್ರ ಹಣೇಲಿ, ಕೆನ್ನೇಲಿ ಒಂಥರಾ ವಾಸನೆ ಇರ್ತದೆ. ಇದು ನಂದು ಅಂತ ಉಜ್ಜಿ ಗುರುತು ಮಾಡೋದು. ನೀವು ಕಚೇರೀಲಿ ಕಾಗದಕ್ಕೆ ಸೀಲು ಒತ್ತಲ್ವಾ, ಅಂಗೇ."

ಗೋವಿಂದರಾಜು ಅವರ ಪೆನ್ನು ಈ ಸಲ ಸಾಲು ಹೊಡೆಯಲಿಲ್ಲ. ಹಾಳೆ ಮಗುಚಿ, "ಕಾಲೊತ್ತುವುದು?" ಎಂದರು.

"ಮರಿ ಹಾಲು ಕುಡ್ಯೋವಾಗ ತಾಯಿ ಹೊಟ್ಟೇನ ಅಂಗೆ ಒತ್ತುತ್ತೆ. ದೊಡ್ಡದಾದ ಮೇಲೂ ಎಲ್ಲಿ ಹಾಯಾಗಿರ್ತದೋ ಅಲ್ಲಿ ಒತ್ತುತ್ತೆ. ನಿಮ್ಮ ತೊಡೆ ಅದ್ಕೆ ತಾಯಿ ಹೊಟ್ಟೆ ಇದ್ದಂಗೆ." ಡಾಕ್ಟರು ಬೆಳ್ಳಿಯ ಕಣ್ಣರೆಪ್ಪೆ ಎತ್ತಿ ನೋಡಿದರು. "ಇನ್ನೊಂದು ಮಾತು. ಬೆಕ್ಕಿಗೆ ಮಾಂಸ ಬೇಕೇ ಬೇಕು. ಬರೀ ಮೊಸರನ್ನದಲ್ಲಿ ಇಟ್ರೆ ಕಣ್ಣು ಹೋಗ್ತದೆ, ಎದೆಗೂ ತೊಂದ್ರೆ. ಇದರ ಕಣ್ಣು ಚೆಂದಾಗವೆ. ಎಲ್ಲೋ ಚೆನ್ನಾಗೇ ಉಣ್ಣುತ್ತಾ ಅದೆ."

ಅಮರೇಶ ಬುಟ್ಟಿಯ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡ. ಇನ್ನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಬೆಳ್ಳಿಯ ಸಸ್ಯಾಹಾರ ಮುಗಿದಿತ್ತು, ಅದರ ಜೊತೆಗೆ ಮನೆಯೂ.

"ಹಾಗಾದರೆ ಇಲಿಯನ್ನು ತಿನ್ನದೆ ನನ್ನ ಕಾಲ ಮೇಲೆ ಯಾಕಿಟ್ಟಿತು?" ಎಂದರು ಗೋವಿಂದರಾಜು. "ಕಾಣಿಕೆಯೋ? ನೋಡಿ ಡಾಕ್ಟರೇ, ನಾನು ಇಡೀ ಸರ್ವೀಸಿನಲ್ಲಿ ಯಾರ ಕೈಯಿಂದಲೂ ಒಂದು ನಿಂಬೆಹಣ್ಣು ತೆಗೆದುಕೊಂಡವನಲ್ಲ."

"ಕಾಣಿಕೆ ಅಂದ್ರೆ ಕೆಲಸ ಆಗ್ಲಿ ಅಂತ ಕೊಡೋದು ಸಾ. ಇದು ಆ ಥರದ್ದಲ್ಲ. ತಾಯಿ ಬೆಕ್ಕು ಬೇಟೆ ಬರದೆ ಇರೋ ಮರೀಗೆ ತಂದು ಆಕ್ತದೆ. ಮನೇಲಿ ತನ್ನೋರು ಅನ್ಸಿದ್ರೆ ಮನುಷ್ಯರಿಗೂ ತರ್ತದೆ. ಇವರಿಗೆ ಹಿಡ್ಯಾಕೆ ಬರಲ್ಲ, ಪಾಪ ಅಂತ." ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನೀವು ಆವತ್ತು ಊಟ ಮಾಡಿದ್ರಾ?"

"ಏಕಾದಶಿ. ಬೆಳಗಿನಿಂದ ನಿರಾಹಾರ."

"ಬೆಕ್ಕಿಗೆ ಅಷ್ಟೆಲ್ಲ ಗೊತ್ತಾಯ್ತದೋ ಇಲ್ವೋ, ನಾ ಹೇಳಲಾರೆ," ಎಂದರು ಮಂಟಯ್ಯ. "ಆದ್ರೂ ನೋಡಿ."

ಆಟೋದಲ್ಲಿ ಹಿಂತಿರುಗುವಾಗ ಗೋವಿಂದರಾಜು ಡೈರಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬುಟ್ಟಿ ಅಲುಗಾಡಿದಾಗ ಮಾತ್ರ ಡ್ರೈವರಿಗೆ, "ನಿಧಾನ ಕಣಪ್ಪ, ಗುಂಡಿ ನೋಡ್ಕೊಂಡು ಹೋಗು," ಎಂದರು. ಅಮರೇಶನಿಗೆ ಆ ಮುಚ್ಚಿದ ಡೈರಿಯೇ ತೀರ್ಪಿನಂತೆ ಕಂಡಿತು. ಎಂದೂ ಇಲ್ಲದೆ ಅವನ ಬಾಯಿಯೂ ಮುಚ್ಚಿತ್ತು.

ಮನೆಗೆ ಬಂದರೆ ಸುಷ್ಮಾ ಸ್ಕೂಲಿನಿಂದ ಅರ್ಧ ದಿನ ರಜ ಹಾಕಿ ಬಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ವಿಷಯ ಅವನ ಮುಖದಲ್ಲೇ ಬರೆದಿತ್ತು. ಅವಳು ಕೇಳಲಿಲ್ಲ. ಅಮರೇಶ ಬುಟ್ಟಿ ಬಿಚ್ಚಿ ಬೆಳ್ಳಿಯನ್ನು ಹೊರಗೆ ಬಿಟ್ಟು, ಗೋಡೆಗೆ ಒರಗಿ ಕೂತ. ಚೀಲದ ಬಾಯಲ್ಲಿ, ಲೋಟಗಳ ಮೇಲೆ, ಬೆಳ್ಳಿಯ ಅಂಚು ಮುರಿದ ತಟ್ಟೆ ಹಳೆಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದು ಅವನ ಕಣ್ಣಿಗೆ ಬಿತ್ತು.

"ಇದನ್ನ ಯಾಕೆ ಇಟ್ಟೆ? ಬೆಳ್ಳಿ ಬರಲ್ಲ ಅಂದಿದ್ದೆ."

"ಸಿಟ್ಟಲ್ಲಿ ನೂರು ಅಂತೀನಿ," ಎಂದಳು ಸುಷ್ಮಾ, ಮುಖ ಆ ಕಡೆ ತಿರುಗಿಸಿಕೊಂಡು. "ಅದೇನು ಅದರ ತಪ್ಪಾ? ಬೆಕ್ಕು ಬೆಕ್ಕಿನ ಹಾಗೇ ಇತ್ತು, ಅಷ್ಟೆ. ರಾಜೀವನಗರದ ಕಡೆ ಮನೆ ಖಾಲಿ ಇದೆಯಂತೆ, ಕೇಳಿ ನೋಡಿ. ನಾನು ಬೇಗ ಎದ್ದು ಬಸ್ಸಲ್ಲಿ ಬರ್ತೀನಿ."

ಅಮರೇಶನಿಗೆ ಅವಳ ಕೈ ಹಿಡಿದು ಅತ್ತುಬಿಡಬೇಕೆನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಗೋವಿಂದರಾಜು ನಿಂತಿದ್ದರು. ಕೈಯಲ್ಲಿ ಕರಾರು ಪತ್ರ, ಹಿಂದೆ ವೇದವತಮ್ಮ.

"ನೀವು ನನಗೆ ಸುಳ್ಳು ಹೇಳಿದಿರಿ, ಅಮರೇಶ್ ಅವರೇ."

"ಹೌದು ಸಾರ್," ಎಂದ ಅಮರೇಶ. ಇದು ಈ ಮನೆಯಲ್ಲಿ ಅವನು ಬಣ್ಣ ಹಚ್ಚದೆ ಆಡಿದ ಮೊದಲ ಮಾತು. ಎದ್ದು ನಿಂತು, "ತಪ್ಪಾಯ್ತು. ಮನೆ ಬೇಕಿತ್ತು. ಬೆಕ್ಕನ್ನ ಬಿಡೋಕಾಗ್ತಿರಲಿಲ್ಲ," ಎಂದ.

"ಗೊತ್ತಿತ್ತು ನನಗೆ," ಎಂದರು ವೇದವತಮ್ಮ. "ಶಿವನಂಜಮ್ಮನ ಬಚ್ಚಲು ನಮ್ಮ ಅಡಿಗೆ ಮನೆ ಕಿಟಕಿಯಿಂದ ಕಾಣುತ್ತೆ. ಇವರು ಅಷ್ಟು ಸಂತೋಷವಾಗಿದ್ದರಲ್ಲ ಅಂತ ಸುಮ್ಮನಿದ್ದೆ."

ಶಿರಸ್ತೇದಾರರು ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಹೊರಟವರು ನಿಂತರು. ಹಿತ್ತಿಲ ಬಾಗಿಲಿನಿಂದ ಬೆಳ್ಳಿ ಒಳಗೆ ಬಂತು. ಬಾಯಲ್ಲಿ ಮತ್ತೊಂದು ಇಲಿಯಿತ್ತು. ಹಾಲು ಹಾಕಿ ಸಾಕಿದ ಅಮರೇಶನನ್ನು ದಾಟಿತು. ತಟ್ಟೆ ಸುತ್ತಿಟ್ಟ ಸುಷ್ಮಾಳನ್ನೂ ದಾಟಿತು. ಗೋವಿಂದರಾಜು ಅವರ ಮುಂದೆ ಬಂದು ಇಲಿಯನ್ನು ನೆಲದ ಮೇಲಿಟ್ಟು, ಹಿಂದೆ ಸರಿದು ಕೂತು ಅವರನ್ನೇ ನೋಡಿತು.

ಶಿರಸ್ತೇದಾರರು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕರಾರು ಪತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಪಂಚೆ ಎತ್ತಿ ಹಿಡಿದುಕೊಂಡು, ಮಂಡಿ ನೋವಿಗೆ ನರಳುತ್ತ, ಬೆಕ್ಕಿನ ಎದುರು ಕುಕ್ಕರಗಾಲಿನಲ್ಲಿ ಕೂತರು. ಅವರ ಕಣ್ಣು ಒದ್ದೆಯಾಗಿತ್ತು.

"ನನ್ನದು ಈಗ ತಾನೆ ಊಟ ಆಯ್ತು ಕಣಮ್ಮ," ಎಂದರು. "ಇಲ್ಲೇ ಇರ್ತೀಯಲ್ಲ. ಇನ್ನೊಂದು ದಿನ ನೋಡೋಣ."